ಜೇಬಿಗೂ ಭೂಮಿಗೂ ಒಂದೇ ಲೆಕ್ಕ: ಮಿತವ್ಯಯ ಎಲ್ಲಿಂದ ಶುರು ಮಾಡಬೇಕು?

ಪರಿಸರ ಕಾಳಜಿ ಅಂದರೆ ದುಡ್ಡಿದ್ದವರ ಹವ್ಯಾಸ ಎಂದು ಎಷ್ಟೋ ಜನ ನಂಬಿದ್ದಾರೆ. ‘ಪರಿಸರಸ್ನೇಹಿ’ ಎಂಬ ಹಸಿರು ಚೀಟಿ ಅಂಟಿಸಿದ ಸಾಮಾನಿನ ಬೆಲೆ ನೋಡಿದರೆ ಹಾಗೆ ಅನ್ನಿಸುವುದು ಸಹಜ. ಬಿದಿರಿನ ಬ್ರಷ್ಷು, ಸ್ಟೀಲಿನ ಸ್ಟ್ರಾ, ಚೆಂದದ ಗಾಜಿನ ಡಬ್ಬಿಗಳು. ಇವನ್ನೆಲ್ಲ ಕೊಂಡರೇ ಭೂಮಿ ಉಳಿಯುತ್ತದೆ ಅನ್ನುವ ಹಾಗೆ ಜಾಹೀರಾತು ಬರುತ್ತವೆ.

ನನಗೆ ಕಂಡಿದ್ದು ಇದರ ತದ್ವಿರುದ್ಧ. ನಾವು ದುಡ್ಡು ಕೊಡುವ ಬಹುತೇಕ ವಸ್ತುವಿನ ಹಿಂದೆ ಯಾರೋ ನೆಲ ಅಗೆದಿದ್ದಾರೆ, ಏನನ್ನೋ ಸುಟ್ಟಿದ್ದಾರೆ, ನೀರು ಹರಿಸಿದ್ದಾರೆ, ಲಾರಿಯಲ್ಲಿ ಸಾಗಿಸಿದ್ದಾರೆ. ಒಂದು ಹತ್ತಿಯ ಟೀ ಶರ್ಟು ತಯಾರಾಗಲು ಸುಮಾರು 2,700 ಲೀಟರ್ ನೀರು ಬೇಕು ಎಂಬ ಅಂದಾಜಿದೆ. ಆ ಶರ್ಟು ಕೊಳ್ಳದೇ ಇದ್ದರೆ ನಮ್ಮ ದುಡ್ಡೂ ಉಳಿಯಿತು, ಆ ನೀರೂ ಉಳಿಯಿತು. ಎರಡು ಬೇರೆ ಬೇರೆ ಕೆಲಸ ಮಾಡಬೇಕಾಗಿಲ್ಲ.

ಹಾಗಂತ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ವಾರದಲ್ಲಿ ಸುಸ್ತಾಗುತ್ತೀರಿ. ಕೆಳಗಿನ ಕ್ರಮದಲ್ಲಿ ಹೋಗಿ ನೋಡಿ.

ಮೊದಲು: ಒಂದು ತಿಂಗಳು ಏನೂ ಕೊಳ್ಳಬೇಡಿ, ಬರೆಯಿರಿ

ದಿನಬಳಕೆಯ ಸಾಮಾನು ಬಿಟ್ಟು ಹೊಸದೇನೂ ಬೇಡ. ‘ಮಿತವ್ಯಯಕ್ಕೆ ಬೇಕಾಗುವ’ ಸಾಮಾನು ಅಂತೂ ಬೇಡವೇ ಬೇಡ. ಒಂದು ಹಳೇ ನೋಟ್‌ಬುಕ್ ತೆಗೆದುಕೊಳ್ಳಿ. ತಿಂಗಳ ಮೊದಲ ದಿನ ಕರೆಂಟಿನ ಮೀಟರ್ ನೋಡಿ ಅಂಕಿ ಬರೆದಿಡಿ. ನೀರಿಗೂ ಮೀಟರ್ ಇದ್ದರೆ ಅದನ್ನೂ ಬರೆಯಿರಿ. ಕಸದ ಬುಟ್ಟಿ ಖಾಲಿ ಮಾಡುವಾಗ ಒಳಗೆ ಏನಿದೆ ಎಂದು ಒಮ್ಮೆ ಕಣ್ಣು ಹಾಯಿಸಿ, ಒಂದು ಸಾಲು ಬರೆಯಿರಿ. ‘ಅರ್ಧ ಬ್ರೆಡ್ಡು, ಕೊಳೆತ ಸೊಪ್ಪು, ನಾಲ್ಕು ನೀರಿನ ಬಾಟಲಿ’ ಅಂತ ಇಷ್ಟು ಬರೆದರೆ ಸಾಕು. ನಮ್ಮ ದುಡ್ಡು ಎಲ್ಲಿ ಸೋರುತ್ತಿದೆ ಎಂದು ಆ ಬುಟ್ಟಿಯಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳುವುದಿಲ್ಲ.

ಇದೇ ಹೊತ್ತಲ್ಲಿ ಚೀಲದ ಮಾತೂ ಹೇಳಿಬಿಡುತ್ತೇನೆ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಒಂದು ಲೆಕ್ಕ ಕೊಟ್ಟಿತು. ಸಾಮಾನ್ಯ ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿದರೆ, ಹತ್ತಿಯ ಚೀಲ ಹವಾಮಾನದ ಮಟ್ಟಿಗೆ ಸರಿದೂಗಬೇಕಾದರೆ ಅದನ್ನು ಕನಿಷ್ಠ 52 ಸಲ ಬಳಸಬೇಕು. ನೀರು, ಮಣ್ಣು ಎಲ್ಲ ಪರಿಣಾಮ ಸೇರಿಸಿದರೆ 7,100 ಸಲ. ಹತ್ತಿ ಚೀಲ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಆ ಲೆಕ್ಕದಲ್ಲಿ ಬೀದಿಗೆ ಬೀಳುವ, ಸಮುದ್ರ ಸೇರುವ ಪ್ಲಾಸ್ಟಿಕ್ಕಿನ ಹಾನಿ ಸೇರಿಲ್ಲ. ಆದರೆ ಮನೆಯಲ್ಲಿ ಐದು ಚೀಲ ಮಡಚಿಟ್ಟುಕೊಂಡು, ಮರೆತು ಬಂದೆ ಅಂತ ಆರನೆಯದು ಕೊಳ್ಳುವುದರಲ್ಲಿ ಯಾರಿಗೂ ಲಾಭವಿಲ್ಲ. ಇರುವ ಚೀಲವನ್ನು ಬಾಗಿಲ ಹಿಡಿಗೆ ನೇತುಹಾಕಿ. ಹರಿದರೆ ಹೊಲಿಯಿರಿ.

ಆಮೇಲೆ: ಬಿಸಿ ಮಾಡುವ, ತಂಪು ಮಾಡುವ ಯಂತ್ರಗಳು

ಖಾಲಿ ಕೋಣೆಯಲ್ಲಿ ಲೈಟು ಉರಿಯುತ್ತಿದ್ದರೆ ಮನೆಯವರೆಲ್ಲ ರೇಗುತ್ತೇವೆ. ಆರಿಸಬೇಕು, ಸರಿ. ಆದರೆ ಕರೆಂಟು ನಿಜವಾಗಿ ಹರಿದು ಹೋಗುವುದು ಬೇರೆ ಕಡೆ. 15 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿ ಏರಿಸಲು ಸುಮಾರು ಅರ್ಧ ಯುನಿಟ್ ಬೇಕು. ಅದೇ ಅರ್ಧ ಯುನಿಟ್ಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು 55 ಗಂಟೆ ಉರಿಯುತ್ತದೆ. ಹಾಗಾಗಿ ಬಲ್ಬಿನ ಜಗಳಕ್ಕಿಂತ ಸ್ನಾನದ ಮನೆ ಮುಖ್ಯ.

ಶವರ್ ಇದ್ದರೆ ಕೆಳಗೆ ಒಂದು ಬಕೆಟ್ ಇಟ್ಟು, ಒಂದು ನಿಮಿಷ ಬಿಟ್ಟು, ಎಷ್ಟು ತುಂಬಿತು ನೋಡಿ. 10 ಲೀಟರ್ ತುಂಬಿದರೆ, ಹತ್ತು ನಿಮಿಷದ ಸ್ನಾನಕ್ಕೆ 100 ಲೀಟರ್. ಐದು ನಿಮಿಷಕ್ಕೆ ಇಳಿಸಿದರೆ ನೀರೂ ಅರ್ಧ, ಅದನ್ನು ಕಾಯಿಸುವ ಖರ್ಚೂ ಅರ್ಧ. ಬಟ್ಟೆ ಒಗೆಯುವ ಯಂತ್ರದಲ್ಲೂ ಬಿಸಿನೀರಿನ ಗುಂಡಿ ಒತ್ತಿದರೆ ಹೆಚ್ಚಿನ ಕರೆಂಟು ನೀರು ಕಾಯಿಸಲಿಕ್ಕೇ ಹೋಗುತ್ತದೆ. ದಿನನಿತ್ಯದ ಬಟ್ಟೆಗೆ ತಣ್ಣೀರೇ ಸಾಕು. ಒಣಗಿಸಲು ಬಿಸಿಲು, ಗಾಳಿ ಪುಕ್ಕಟೆ.

ಸೆಕೆಗಾಲದಲ್ಲಿ ಏಸಿ ಹಾಕುವ ಮುಂಚೆ ಫ್ಯಾನು ಹಾಕಿ ನೋಡಿ. ಫ್ಯಾನಿಗೆ 50ರಿಂದ 75 ವ್ಯಾಟ್ ಸಾಕು, ಏಸಿಗೆ ಅದರ ಹತ್ತಿಪ್ಪತ್ತು ಪಟ್ಟು ಬೇಕು. ಏಸಿ ಬೇಕೇ ಬೇಕು ಅನ್ನುವಷ್ಟು ಸೆಕೆ ಇದ್ದರೆ ಎರಡೂ ಒಟ್ಟಿಗೆ ಹಾಕಿ, ಏಸಿಯನ್ನು ಎರಡು ಡಿಗ್ರಿ ಮೇಲಕ್ಕೆ ಇಡಿ. ಗಾಳಿ ಮೈಗೆ ಬೀಸುವುದರಿಂದ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಫ್ರಿಜ್ಜಿನೊಳಗೆ 4 ಡಿಗ್ರಿ ಇದ್ದರೆ ಸಾಕು. ಅದರ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಮುಚ್ಚಿ, ಎಳೆದು ನೋಡಿ. ಸಲೀಸಾಗಿ ಈಚೆ ಬಂದರೆ ಅಂಚಿನ ರಬ್ಬರು ಸಡಿಲವಾಗಿದೆ, ಹಗಲೂ ರಾತ್ರಿ ತಂಪು ಸೋರುತ್ತಿದೆ ಎಂದರ್ಥ.

ಹಳೇ ಕಾಲದ 60 ವ್ಯಾಟಿನ ಬಲ್ಬು ಇನ್ನೂ ಉರಿಯುತ್ತಿದ್ದರೆ ಅದನ್ನು ಮಾತ್ರ ‘ಕೆಡಲಿ, ಆಮೇಲೆ ನೋಡೋಣ’ ಅನ್ನಬೇಡಿ. ದಿನಕ್ಕೆ ಐದು ಗಂಟೆಯಂತೆ ಅದಕ್ಕೆ ತಿಂಗಳಿಗೆ 9 ಯುನಿಟ್ ಬೇಕು. ಅಷ್ಟೇ ಬೆಳಕಿನ ಎಲ್‌ಇಡಿಗೆ ಒಂದೂವರೆ ಯುನಿಟ್ಟೂ ಬೇಡ.

ಅಡುಗೆಮನೆ: ಮುಚ್ಚಳದಿಂದ ಬುಟ್ಟಿಯವರೆಗೆ

ತೆರೆದ ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುತ್ತಿದೆ. ಬೇಗ ಬೇಯಲಿ ಅಂತ ಉರಿ ಜೋರು ಮಾಡುತ್ತೀರಿ. ಬೇಗ ಬೇಯುತ್ತದಾ? ಇಲ್ಲ. ಕುದಿಯುವ ನೀರು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಉರಿ ಎಷ್ಟು ಏರಿಸಿದರೂ ನೀರು ಬೇಗ ಆವಿಯಾಗುತ್ತದೆಯೇ ಹೊರತು ಒಳಗಿನ ಪದಾರ್ಥಕ್ಕೆ ಜಾಸ್ತಿ ಬಿಸಿ ತಾಗುವುದಿಲ್ಲ. ಆದ್ದರಿಂದ ಕುದಿ ಬಂದ ತಕ್ಷಣ ಉರಿ ಸಣ್ಣ ಮಾಡಿ, ಮುಚ್ಚಳ ಮುಚ್ಚಿ. ಕುಕ್ಕರಿನ ಗುಟ್ಟೂ ಇಷ್ಟೇ: ಒಳಗೆ ಒತ್ತಡ ಏರಿ ಸುಮಾರು 120 ಡಿಗ್ರಿ ಮುಟ್ಟುತ್ತದೆ, ಅದಕ್ಕೇ ಬೇಗ ಬೇಯುತ್ತದೆ. ಕಾಳುಗಳನ್ನು ರಾತ್ರಿ ನೆನೆಹಾಕಿದರೆ ಇನ್ನೂ ಬೇಗ.

ಇದಕ್ಕಿಂತ ದೊಡ್ಡ ನಷ್ಟ ತಿಪ್ಪೆಗೆ ಹೋಗುವ ಆಹಾರದ್ದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಹೋಟೆಲು, ಅಂಗಡಿಗಳ ಪಾಲು ಕಡಿಮೆ. ಶೇ 60ರಷ್ಟು ಹೋಗಿದ್ದು ಮನೆಗಳಿಂದ! ಕಸದ ಗುಡ್ಡೆಯ ಅಡಿಯಲ್ಲಿ ಗಾಳಿಯಾಡದೆ ಕೊಳೆಯುವ ಆಹಾರದಿಂದ ಮೀಥೇನ್ ಬರುತ್ತದೆ. 20 ವರ್ಷದ ಲೆಕ್ಕ ಹಿಡಿದರೆ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಜಾಸ್ತಿ ಭೂಮಿಯನ್ನು ಕಾಯಿಸುತ್ತದೆ.

ಮಾಡಬೇಕಾದ್ದು ಕಷ್ಟವೇನಲ್ಲ. ಸಂತೆಗೆ ಹೊರಡುವ ಮುಂಚೆ ಫ್ರಿಜ್ ತೆಗೆದು ನೋಡಿ, ಆಮೇಲೆ ಪಟ್ಟಿ ಬರೆಯಿರಿ. ಹಳೆಯದು ಮುಂದೆ, ಹೊಸದು ಹಿಂದೆ ಇಡಿ. ಸೊಪ್ಪನ್ನು ಪ್ಲಾಸ್ಟಿಕ್ ಕವರಿನಲ್ಲೇ ತುರುಕಿದರೆ ಬೆವರಿ ಲೋಳೆಯಾಗುತ್ತದೆ. ಬಿಡಿಸಿ, ಒಣಬಟ್ಟೆಯಲ್ಲಿ ಸುತ್ತಿಟ್ಟರೆ ಮೂರ್ನಾಲ್ಕು ದಿನ ಜಾಸ್ತಿ ಬಾಳುತ್ತದೆ. ವಾರಕ್ಕೊಂದು ದಿನ ‘ಉಳಿದದ್ದರ ಅಡುಗೆ’ ಎಂದು ಗೊತ್ತು ಮಾಡಿಕೊಳ್ಳಿ. ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಹಾಳಾದ ವಾಸನೆ ಬಂದದ್ದನ್ನು ಮಾತ್ರ ದಯವಿಟ್ಟು ತಿನ್ನಬೇಡಿ. ಅದು ಉಳಿತಾಯ ಅಲ್ಲ, ಆಸ್ಪತ್ರೆ ಖರ್ಚು.

‘ಎರಡು ಕೊಂಡರೆ ಒಂದು ಫ್ರೀ’ ಅನ್ನುವ ಮಾತಿಗೆ ನಾನೂ ಎಷ್ಟೋ ಸಲ ಮರುಳಾಗಿದ್ದೇನೆ. ಮೂರನೆಯದು ಕೊಳೆತರೆ ಅದು ಫ್ರೀ ಅಲ್ಲ, ಅಲ್ವಾ?

ರಿಪೇರಿ: ಎಸೆಯುವ ಮುಂಚೆ ಒಮ್ಮೆ ಬಿಚ್ಚಿ ನೋಡಿಸಿ

ನಮ್ಮ ಮಲಗುವ ಕೋಣೆಯ ಫ್ಯಾನು ಒಂದು ಬೇಸಿಗೆಯಲ್ಲಿ ನಿಧಾನವಾಯಿತು. ರೆಗ್ಯುಲೇಟರ್ ಐದಕ್ಕೆ ತಿರುಗಿಸಿದರೂ ರೆಕ್ಕೆ ಒಂದೊಂದಾಗಿ ಎಣಿಸಬಹುದಿತ್ತು. ಕೋಲಿನಿಂದ ತಳ್ಳಿದರೆ ಮಾತ್ರ ಶುರುವಾಗುತ್ತಿತ್ತು. ಹನ್ನೆರಡು ವರ್ಷದ ಫ್ಯಾನು, ಮೋಟರ್ ಹೋಯಿತು ಅಂದುಕೊಂಡು ಹೊಸದರ ಬೆಲೆಯನ್ನೂ ವಿಚಾರಿಸಿ ಬಂದಿದ್ದೆ. ಎಲೆಕ್ಟ್ರಿಷಿಯನ್ ಸ್ಟೂಲು ಹತ್ತಿ, ಮೇಲಿನ ಬಟ್ಟಲು ಕೆಳಕ್ಕೆ ಸರಿಸಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕಪ್ಪು ಡಬ್ಬಿಯೊಂದನ್ನು ತೋರಿಸಿದ. ಅದರ ಪಕ್ಕೆ ಉಬ್ಬಿತ್ತು. ‘ಕಂಡೆನ್ಸರ್ ಹೋಗಿದೆ, ಸುಮ್ನೆ ಫ್ಯಾನ್ ಯಾಕೆ ಬದಲಾಯಿಸ್ತೀರಾ ಸರ್’ ಅಂದ. ಎರಡು ವೈರು ಬಿಚ್ಚಿ, ಹೊಸದಕ್ಕೆ ಸುತ್ತಿ, ಟೇಪು ಹಾಕಿದ. ಐದೇ ನಿಮಿಷ. ಗೋಡೆಯ ಕ್ಯಾಲೆಂಡರಿನ ಹಾಳೆಗಳು ಪಟಪಟ ಹಾರಿದವು. ಆ ಫ್ಯಾನು ಇವತ್ತಿಗೂ ತಿರುಗುತ್ತಿದೆ.

ಫ್ಯಾನಿನೊಳಗಿನ ತಾಮ್ರ, ಕಬ್ಬಿಣ ಎಲ್ಲ ಗಟ್ಟಿಮುಟ್ಟಾಗಿದ್ದವು. ಒಂದು ಸಣ್ಣ ಡಬ್ಬಿಗಾಗಿ ಅಷ್ಟನ್ನೂ ಗುಜರಿಗೆ ಹಾಕುವವನಿದ್ದೆ. ಮೊಬೈಲಿನ ಕಥೆಯೂ ಹೀಗೇ. ಒಂದು ಫೋನಿನಿಂದ ಆಗುವ ಮಾಲಿನ್ಯದ ಬಹುಪಾಲು ಅದು ತಯಾರಾಗುವಾಗಲೇ ಆಗಿಹೋಗಿರುತ್ತದೆ. ಚಾರ್ಜ್ ಮಾಡುವ ಕರೆಂಟಿನ ಪಾಲು ಸಣ್ಣದು. ಬ್ಯಾಟರಿ ಬದಲಾಯಿಸಿ ಇನ್ನೆರಡು ವರ್ಷ ಓಡಿಸುವುದಕ್ಕಿಂತ ಒಳ್ಳೇ ದಾರಿ ಇಲ್ಲ.

ಹನಿ ಬೀಳುವ ನಲ್ಲಿಯನ್ನು ಇವತ್ತೇ ನೋಡಿ. ಕೆಳಗೆ ಲೋಟ ಇಡಿ. ಎರಡು ಗಂಟೆಗೆ ಒಂದು ಲೀಟರ್ ಆದರೆ ವರ್ಷಕ್ಕೆ 4,380 ಲೀಟರ್. ಎಷ್ಟೋ ಸಲ ಬೇಕಾಗುವುದು ಒಂದು ವಾಷರ್ ಅಷ್ಟೇ.

ಕೊಳ್ಳಲೇಬೇಕಾದರೆ

ಬೇಕು ಅನ್ನಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು ಹದಿನೈದು ದಿನ ಬಿಡಿ. ಅರ್ಧಕ್ಕರ್ಧ ಆಸೆ ತಾನೇ ಆರಿಹೋಗುತ್ತದೆ. ಏಣಿ, ಡ್ರಿಲ್ಲಿಂಗ್ ಮಷೀನಿನಂಥವು ವರ್ಷಕ್ಕೆರಡು ಸಲ ಬೇಕಾಗುವ ಸಾಮಾನು. ಪಕ್ಕದ ಮನೆಯವರನ್ನು ಕೇಳಿ, ನಿಮ್ಮದನ್ನೂ ಅವರಿಗೆ ಕೊಡಿ. ಆಮೇಲೂ ಬೇಕಿದ್ದರೆ ಮೊದಲು ಯಾರಾದರೂ ಬಳಸಿದ್ದು ಸಿಗುತ್ತದಾ ನೋಡಿ.

ಮಿತವ್ಯಯಕ್ಕೂ ಪರಿಸರಕ್ಕೂ ಜಗಳ ಬರುವುದು ಇಲ್ಲೇ. ತೀರಾ ಅಗ್ಗದ ಬಟ್ಟೆ, ಚಪ್ಪಲಿ ಜೇಬಿಗೆ ಹಗುರ ಅನ್ನಿಸುತ್ತವೆ. ಆದರೆ ಬೆಲೆ ಎರಡು ಪಟ್ಟಾದರೂ ನಾಲ್ಕು ಪಟ್ಟು ಬಾಳುವ ಚಪ್ಪಲಿಯೇ ನಿಜವಾಗಿ ಅಗ್ಗ. ಒಟ್ಟಿಗೆ ಅಷ್ಟು ದುಡ್ಡು ಹೊಂದಿಸುವುದು ಎಲ್ಲರಿಗೂ ಆಗುವುದಿಲ್ಲ, ಅದು ನನಗೆ ಗೊತ್ತು. ಅದಕ್ಕೇ ಹಿಂದಿನ ಹೆಜ್ಜೆಗಳಲ್ಲಿ ಉಳಿದದ್ದನ್ನು ಬೇರೆ ತೆಗೆದಿಡಿ ಅನ್ನುವುದು.

ಉಳಿದ ದುಡ್ಡು ಎಲ್ಲಿಗೆ ಹೋಗುತ್ತದೆ?

1865ರಲ್ಲಿ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ ಎಂಬ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞರು ಒಂದು ವಿಚಿತ್ರ ಗಮನಿಸಿದರು. ಉಗಿಯಂತ್ರಗಳು ಸುಧಾರಿಸಿ ಅದೇ ಕೆಲಸಕ್ಕೆ ಕಡಿಮೆ ಕಲ್ಲಿದ್ದಲು ಸಾಕಾದಾಗ, ದೇಶದ ಒಟ್ಟು ಕಲ್ಲಿದ್ದಲು ಬಳಕೆ ಇಳಿಯಲಿಲ್ಲ, ಏರಿತು. ಅಗ್ಗವಾದ್ದರಿಂದ ಯಂತ್ರಗಳೇ ಹೆಚ್ಚಾದವು. ಮನೆಯಲ್ಲೂ ಹೀಗಾಗುತ್ತದೆ. ವರ್ಷವಿಡೀ ಕರೆಂಟಿನಲ್ಲಿ ಉಳಿಸಿದ್ದನ್ನು ಒಂದು ವಿಮಾನ ಪ್ರಯಾಣಕ್ಕೆ ಹಾಕಿದರೆ ಜೇಬೂ ಖಾಲಿ, ಹೊಗೆಯೂ ಹೋಗಿ ಆಯಿತು.

ಆದ್ದರಿಂದ ಉಳಿತಾಯಕ್ಕೆ ಮೊದಲೇ ಒಂದು ಹೆಸರಿಡಿ. ಸಾಲ ತೀರಿಸುವುದು, ಮಕ್ಕಳ ಓದು, ಸೋರುವ ಮಾಡು ಸರಿಮಾಡಿಸುವುದು, ವಾರಕ್ಕೆ ಒಂದು ದಿನ ಕಡಿಮೆ ದುಡಿಯುವುದು, ಯಾವುದಾದರೂ ಸರಿ. ಎರಡನೇ ತಿಂಗಳ ಮೊದಲ ದಿನ, ಹೋದ ಸಲದ ಹೊತ್ತಿಗೇ ಮೀಟರ್ ನೋಡಿ. ಹಳೇ ಅಂಕಿಯ ಪಕ್ಕದಲ್ಲಿ ಹೊಸದನ್ನು ಬರೆಯಿರಿ. ಅದರ ಕೆಳಗೆ ಆ ಹೆಸರು, ಅದಕ್ಕೆ ಎತ್ತಿಟ್ಟ ಮೊತ್ತ.