ಊರವರೇ ಸೇರಿ ತೋಡಿಗೆ ಕಟ್ಟ ಹಾಕುವುದು ಹೇಗೆ?

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು, ಗುಡ್ಡ ಇಳಿದು, ಸಮುದ್ರ ಸೇರಿಯೂ ಆಗಿರುತ್ತದೆ. ಏಪ್ರಿಲ್ ಬಂತೆಂದರೆ ಅದೇ ಊರುಗಳಿಗೆ ಟ್ಯಾಂಕರ್ ಬರಬೇಕು.

ಹಿಂದಿನವರು ಇದಕ್ಕೊಂದು ದಾರಿ ಮಾಡಿಕೊಂಡಿದ್ದರು. ಏಣೆಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಮುಗಿದ ಮೇಲೆ ಸುಗ್ಗಿ, ಕೊಳಕೆ ಎಂಬ ಎರಡನೆಯ, ಮೂರನೆಯ ಬೆಳೆಗೆ ನೀರು ಬೇಕಲ್ಲ, ಅದಕ್ಕೆ ತೋಡಿಗೆ, ಅಂದರೆ ಊರಿನ ಸಣ್ಣ ಹಳ್ಳಕ್ಕೆ, ಅಡ್ಡವಾಗಿ ಕಲ್ಲು, ಮಣ್ಣು, ಅಡಕೆ ಮರ, ಬಿದಿರು ಹಾಕಿ ಕಟ್ಟ ಎಂಬ ತಾತ್ಕಾಲಿಕ ಒಡ್ಡು ಕಟ್ಟುತ್ತಿದ್ದರು. ಗದ್ದೆ ಹೋಗಿ ತೋಟ ಬಂತು, ಪಂಪು ಬಂತು, ಬೋರ್‌ವೆಲ್ ಬಂತು. ಕಟ್ಟ ಹೆಚ್ಚಿನ ಕಡೆ ನಿಂತೇ ಹೋಯಿತು. ಕಾಸರಗೋಡಿನ ಏತಡ್ಕದಂಥ ಕೆಲವು ಊರಿನವರು ಮಾತ್ರ ಸಾಲು ಕಟ್ಟಗಳನ್ನು ಉಳಿಸಿಕೊಂಡರು. ಈಗ ಅಲ್ಲಲ್ಲಿ ಯುವಕ ಮಂಡಲ, ಭಜನಾ ಮಂಡಳಿ, ಎನ್ನೆಸ್ಸೆಸ್ ಮಕ್ಕಳು ಸೇರಿ ಸಿಮೆಂಟ್ ಚೀಲದಲ್ಲಿ ಮಣ್ಣು ತುಂಬಿ ಮತ್ತೆ ಕಟ್ಟ ಹಾಕುತ್ತಿದ್ದಾರೆ. ನಿಮ್ಮ ಊರಲ್ಲೂ ಮಾಡಬಹುದು. ಇಂಜಿನಿಯರ್ ಬೇಕಿಲ್ಲ, ದೊಡ್ಡ ದುಡ್ಡೂ ಬೇಕಿಲ್ಲ. ಆದರೆ ಎರಡು ಭಾನುವಾರದ ಕೆಲಸ ಎಂದುಕೊಂಡು ಹೊರಟರೆ ಕಷ್ಟ. ಮೇ ತಿಂಗಳವರೆಗೆ ಅದನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಮೊದಲೇ ತೀರ್ಮಾನಿಸಿ.

ಜಾಗ ಹುಡುಕುವುದು

ಊರಿನ ಒಬ್ಬ ಹಿರಿಯರನ್ನು ಕರೆದುಕೊಂಡು ತೋಡಿನ ಬದಿಯಲ್ಲಿ ನಡೆಯಿರಿ. ಹಳೆಯ ಕಟ್ಟದ ಜಾಗ ಅವರಿಗೆ ಗೊತ್ತಿರುತ್ತದೆ, ಹೆಸರೂ ಇರಬಹುದು. ಅಲ್ಲೇ ಕಟ್ಟಬಹುದಾದರೆ ಬೇರೆ ಕಡೆ ನೋಡಬೇಡಿ. ಹಳಬರು ಸುಮ್ನೆ ಆ ಜಾಗ ಹಿಡಿದಿರುವುದಿಲ್ಲ.

ಹೊಸ ಜಾಗವಾದರೆ ಮೂರು ಸಂಗತಿ ನೋಡಿ. ತೋಡು ಅಲ್ಲಿ ಕಿರಿದಾಗಿರಬೇಕು. ತಳದಲ್ಲಿ ಪಾರೆಯೋ (ಹಾಸುಬಂಡೆ) ಗಟ್ಟಿ ಮಣ್ಣೋ ಇರಬೇಕು, ಬರೀ ಮರಳಿದ್ದರೆ ನೀರು ಅಡಿಯಿಂದಲೇ ನುಸುಳುತ್ತದೆ. ಎರಡೂ ದಂಡೆ ಗಟ್ಟಿಯಾಗಿ, ನೀವು ನಿಲ್ಲಿಸುವ ನೀರಿಗಿಂತ ಕಡಿಮೆಯೆಂದರೂ ಎರಡು ಅಡಿ ಎತ್ತರವಿರಬೇಕು.

ಎರಡು ದಂಡೆಯವರ ಒಪ್ಪಿಗೆ

ಹೆಚ್ಚಿನ ಕಟ್ಟಗಳು ನೀರಿನಲ್ಲಿ ಒಡೆಯುವುದಕ್ಕೆ ಮೊದಲು ಇಲ್ಲಿಯೇ ಒಡೆಯುತ್ತವೆ. ಒಂದು ದಂಡೆಯವರಿಗೂ ಇನ್ನೊಂದು ದಂಡೆಯವರಿಗೂ ಮಾತಿಲ್ಲ. ಅಥವಾ ಮೇಲಿನ ತೋಟದವರಿಗೆ ಹೆದರಿಕೆ: ‘ಅಡಕೆ ಬುಡದಲ್ಲಿ ನೀರು ನಿಂತರೆ ಮರ ಹೋಗುತ್ತದೆ.’ ಹೆದರಿಕೆ ಸುಳ್ಳಲ್ಲ. ಅಡಕೆಯ ಬೇರಿಗೆ ನಿಂತ ನೀರು ಆಗಿಬರುವುದಿಲ್ಲ. ‘ಏನೂ ಆಗುವುದಿಲ್ಲ, ನಾವಿದ್ದೇವೆ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಅಳೆದು ತೋರಿಸಿ. ಮೇಸ್ತ್ರಿಗಳ ಹತ್ತಿರ ಮಟ್ಟ ನೋಡುವ ಪಾರದರ್ಶಕ ಪೈಪು ಇರುತ್ತದೆ. ಅದರಲ್ಲಿ ನೀರು ತುಂಬಿ, ಗುಳ್ಳೆ ಉಳಿಯದ ಹಾಗೆ ನೋಡಿಕೊಂಡು, ಒಂದು ತುದಿಯನ್ನು ಕಟ್ಟದ ಜಾಗದಲ್ಲಿ ನೆಟ್ಟ ಗೂಟಕ್ಕೆ ಹಿಡಿಯಿರಿ. ಗೂಟದ ಮೇಲೆ ನೀರು ನಿಲ್ಲಬೇಕಾದ ಎತ್ತರಕ್ಕೆ ಗೆರೆ ಹಾಕಿರಬೇಕು. ಇನ್ನೊಂದು ತುದಿ ಹಿಡಿದವರು ಮೇಲಕ್ಕೆ ಹೋಗಿ, ಅದೇ ಮಟ್ಟ ಎಲ್ಲಿ ಬರುತ್ತದೋ ಅಲ್ಲೊಂದು ಗೂಟ ನೆಡಲಿ. ಪೈಪು ಸಾಕಾಗದಿದ್ದರೆ ಆ ಗೂಟದಿಂದ ಮುಂದಿನ ಗೂಟಕ್ಕೆ ಹೀಗೇ ಹೋದರಾಯಿತು. ಕೊನೆಗೆ ತೋಟದ ಯಜಮಾನರನ್ನು ನಿಲ್ಲಿಸಿಕೊಂಡು ಅವರದೇ ಮರಕ್ಕೆ ಸುಣ್ಣದ ಗೆರೆ ಎಳೆಯಿರಿ: ‘ಅಣ್ಣ, ನೀರು ಇಲ್ಲಿಯವರೆಗೆ ಮಾತ್ರ. ಮೀರಿದರೆ ಮೇಲಿನ ಎರಡು ಸಾಲು ಚೀಲ ನೀವೇ ತೆಗೆಯಿರಿ.’ ಎಷ್ಟೋ ಜಗಳ ಈ ಒಂದು ಸುಣ್ಣದ ಗೆರೆಯಲ್ಲಿ ಮುಗಿಯುತ್ತದೆ. ಗೆರೆ ನಿಜಕ್ಕೂ ಅಡಕೆ ಬುಡಕ್ಕೆ ಬಂದರೆ ಕಟ್ಟದ ಎತ್ತರ ಇಳಿಸಿ, ವಾದ ಮಾಡಬೇಡಿ.

ಕೆಳಗಿನವರಿಗೂ ಹೇಳಬೇಕು. ಕಟ್ಟ ತುಂಬುವ ಒಂದೆರಡು ದಿನ ನೀರು ಕಡಿಮೆಯಾಗುತ್ತದೆ, ತುಂಬಿದ ಮೇಲೆ ಬಂದದ್ದು ಬಂದ ಹಾಗೆ ಹೋಗುತ್ತದೆ. ಇದನ್ನು ಮೊದಲೇ ತಿಳಿಸಿದರೆ ಮಾತು, ಆಮೇಲೆ ಹೇಳಿದರೆ ಸಮಜಾಯಿಷಿ. ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಕೊಡಿ. ಜಾಗ ಕಾಡಿಗೆ ಸೇರಿದ್ದರೆ ಅರಣ್ಯ ಇಲಾಖೆಯನ್ನೂ ಕೇಳಬೇಕು.

ಯಾವಾಗ ಕಟ್ಟಬೇಕು?

ದೀಪಾವಳಿ ಕಳೆದು ಹಿಂಗಾರಿನ ಮಳೆ ನಿಂತ ಮೇಲೆ, ಅಂದರೆ ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ. ತೋಡಿನ ನೀರು ಮೊಣಕಾಲಿಗಿಂತ ಕೆಳಗಿರಬೇಕು. ಅವಸರ ಮಾಡಿದರೆ ಒಂದು ಚಂಡಮಾರುತದ ಮಳೆ ಸಾಕು, ಚೀಲಗಳೆಲ್ಲ ಕೆಳಗಿನ ಊರಿನ ಪಾಲು. ಜನವರಿಗೆ ತಳ್ಳಿದರೆ ತೋಡು ಸಣಕಲಾಗಿ ಕಟ್ಟ ತುಂಬುವುದೇ ಇಲ್ಲ.

ಎಷ್ಟು ಚೀಲ ಬೇಕು?

ತೋಡು 6 ಮೀಟರ್ ಅಗಲ, ಕಟ್ಟ 1 ಮೀಟರ್ ಎತ್ತರ ಎಂದುಕೊಳ್ಳಿ. ಮುಕ್ಕಾಲು ತುಂಬಿದ ಸಿಮೆಂಟ್ ಚೀಲ ಮಲಗಿಸಿದರೆ ಸುಮಾರು 60 ಸೆಂಟಿಮೀಟರ್ ಉದ್ದ, 40 ಅಗಲ, 15 ದಪ್ಪ. ನೀರು ಹರಿಯುವ ದಿಕ್ಕಿಗೆ ಉದ್ದವಾಗಿ ಇಟ್ಟರೆ ಒಂದು ಸಾಲಿಗೆ 15 ಚೀಲ. 1 ಮೀಟರ್ ಎತ್ತರಕ್ಕೆ 7 ಸಾಲು. ಒಂದು ಗೋಡೆಗೆ 105 ಆಯಿತು. ನಡುವೆ ಒಂದೂವರೆ ಅಡಿ ಜಾಗ ಬಿಟ್ಟು ಎರಡು ಗೋಡೆ ಕಟ್ಟಬೇಕು, ಹಾಗಾಗಿ 210. ದಂಡೆಗೆ, ಬುಡಕ್ಕೆ, ಹರಿದುಹೋಗುವುದಕ್ಕೆ ಸೇರಿಸಿ 250 ಇಟ್ಟುಕೊಳ್ಳಿ. ನಡುವಿನ ಜಾಗಕ್ಕೆ ಒಂದು ಸಣ್ಣ ಟಿಪ್ಪರ್ ಅಂಟು ಮಣ್ಣು ಬೇಕು.

‘ಇಷ್ಟು ಕಷ್ಟಪಟ್ಟು ಕಟ್ಟುತ್ತೇವೆ, ಇನ್ನೂ ಎರಡಡಿ ಏರಿಸೋಣ’ ಎನ್ನುವವರು ಎಲ್ಲ ಊರಲ್ಲೂ ಒಬ್ಬರಿರುತ್ತಾರೆ. ಅವರಿಗೆ ಈ ಲೆಕ್ಕ ಹೇಳಿ. 1 ಮೀಟರ್ ನೀರು ನಿಂತರೆ ಕಟ್ಟದ ಪ್ರತಿ ಮೀಟರ್ ಉದ್ದಕ್ಕೆ ಬೀಳುವ ಒತ್ತಡ ಸುಮಾರು 500 ಕಿಲೋ. 6 ಮೀಟರಿಗೆ 3 ಟನ್. ಎತ್ತರ ಒಂದೂವರೆ ಮೀಟರ್ ಆದರೆ ಒತ್ತಡ ಒಂದೂವರೆ ಪಟ್ಟು ಆಗುವುದಲ್ಲ, ಎರಡು ಪಟ್ಟಿಗೂ ಜಾಸ್ತಿ. ಹೆಚ್ಚು ನೀರು ಬೇಕಾದರೆ ಒಂದೇ ಕಟ್ಟ ಎತ್ತರಿಸುವ ಬದಲು, ಇದರ ಹಿನ್ನೀರು ಮುಗಿಯುವಲ್ಲಿ ಇನ್ನೊಂದು ಕಟ್ಟಿ. ಸಾಲು ಕಟ್ಟದ ಉಪಾಯ ಅದೇ.

ಖಾಲಿ ಚೀಲ ಮನೆ ಕಟ್ಟುವಲ್ಲಿ, ಸಿಮೆಂಟ್ ಬ್ಲಾಕ್ ಮಾಡುವಲ್ಲಿ ಸಿಗುತ್ತದೆ. ಒಳಗಿನ ಸಿಮೆಂಟ್ ಪುಡಿಯನ್ನು ಚೆನ್ನಾಗಿ ಕೊಡವಿ ತನ್ನಿ. ತೋಡಿನಲ್ಲಿ ಮಾತ್ರ ತೊಳೆಯಬೇಡಿ, ಮೀನು ಸಾಯುತ್ತದೆ. ತುಂಬುವುದಕ್ಕೆ ಕೆಂಪು ಜರಿ ಮಣ್ಣು ಒಳ್ಳೆಯದು. ತೋಡಿನ ಮರಳು ತೆಗೆಯುವ ಗೋಜಿಗೆ ಹೋಗಬೇಡಿ. ಅದು ಕಾನೂನಿನ ತೊಡಕು, ತಳವೂ ಹಾಳು.

ಜನ ಸೇರಿಸುವುದು

ವಾಟ್ಸಾಪ್ ಗುಂಪಿಗೆ ಹಾಕಿದರೆ ಹೆಬ್ಬೆರಳು ಬೇಕಾದಷ್ಟು ಬರುತ್ತದೆ. ಹಾರೆ ಹಿಡಿಯುವ ಕೈ ಬೇಕಾದರೆ ಮನೆಮನೆಗೆ ಹೋಗಬೇಕು. ಹೋದಾಗ ‘ಎಲ್ಲರೂ ಬನ್ನಿ’ ಎನ್ನಬೇಡಿ, ‘ನೀವು ಎರಡು ಹಾರೆ ತಂದು ಬೆಳಗ್ಗೆ 8ಕ್ಕೆ ಬನ್ನಿ’ ಎನ್ನಿ. ಕೆಲಸ ಹೆಸರಿಟ್ಟು ಕೊಟ್ಟರೆ ಜನ ಬರುತ್ತಾರೆ. ದಿನ ಗೊತ್ತುಮಾಡುವ ಮೊದಲು ಊರಿನ ಮದುವೆ, ನೇಮ, ಜಾತ್ರೆ, ಕ್ರಿಕೆಟ್ ಪಂದ್ಯಾಟ ಎಲ್ಲ ನೋಡಿಕೊಳ್ಳಿ. ಕ್ರಿಕೆಟ್ ಮರೆತರೆ ಹುಡುಗರು ಸಿಗುವುದಿಲ್ಲ.

ಕೆಲಸವನ್ನು ಎರಡು ಭಾನುವಾರಕ್ಕೆ ಹಂಚಿ. ಮೊದಲ ಭಾನುವಾರ ಚೀಲ ತುಂಬುವುದು ಮಾತ್ರ. ಒಬ್ಬರು ಬಾಯಿ ಹಿಡಿಯುವುದು, ಒಬ್ಬರು ತುಂಬುವುದು, ಒಬ್ಬರು ದಬ್ಬಣದಲ್ಲಿ ಹೊಲಿಯುವುದು. ಹೀಗೆ ಮೂವರ ತಂಡ ಗಂಟೆಗೆ ಸುಮಾರು 15 ಚೀಲ ಮುಗಿಸಬಹುದು. ನಾಲ್ಕು ತಂಡವಿದ್ದರೆ ಮಧ್ಯಾಹ್ನದೊಳಗೆ 250 ಆಯಿತು. ಬಾಯಿತನಕ ತುಂಬಬೇಡಿ. ಮುಕ್ಕಾಲು ತುಂಬಿದ್ದು ಒಂದರ ಮೇಲೊಂದು ಅಪ್ಪಿ ಕೂರುತ್ತದೆ, ಪೂರ್ತಿ ತುಂಬಿದ್ದು ಉರುಳುತ್ತದೆ. ಹೊರುವವರ ಬೆನ್ನೂ ಉಳಿಯುತ್ತದೆ.

ಕೈಕಾಲಲ್ಲಿ ಗಾಯವಿದ್ದವರನ್ನು ನೀರಿಗೆ ಇಳಿಸಬೇಡಿ. ನಮ್ಮ ಕಡೆ ಇಲಿಜ್ವರದ ಭಯ ಇದ್ದೇ ಇದೆ. ಅವರಿಗೆ ದಂಡೆಯ ಮೇಲೆ ಕೆಲಸ ಕೊಡಿ. ರಾಶಿ ಹಾಕಿಟ್ಟ ಚೀಲದ ಅಡಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ ನೋಡಿ, ಹಾವು ಮಲಗಿರಬಹುದು.

ಕಟ್ಟುವ ದಿನ

ಮೊದಲು ನೀರಿಗೆ ದಾರಿ ಮಾಡಿ. ಆರಿಂಚಿನ ಒಂದೆರಡು ಪಿವಿಸಿ ಪೈಪನ್ನು ತಳದಲ್ಲಿ ಹರಿವಿನ ದಿಕ್ಕಿಗೆ ಮಲಗಿಸಿ, ಕಟ್ಟ ಮುಗಿಯುವವರೆಗೆ ನೀರು ಅದರಲ್ಲಿ ಹೋಗಲಿ. ಆಮೇಲೆ ಮುಚ್ಚಳ ಹಾಕಿದರಾಯಿತು. ಮುಂದೆ ಕಟ್ಟ ಖಾಲಿ ಮಾಡುವಾಗಲೂ ಅದೇ ಪೈಪು ಉಪಯೋಗಕ್ಕೆ ಬರುತ್ತದೆ.

ಗೋಡೆ ನಿಲ್ಲುವ ಜಾಗದ ತರಗೆಲೆ, ಕೆಸರು, ಸಡಿಲ ಕಲ್ಲು ಎಲ್ಲ ಎತ್ತಿ ಗಟ್ಟಿ ತಳ ಸಿಗುವವರೆಗೆ ಕೆರೆಯಿರಿ. ಎರಡೂ ದಂಡೆಯೊಳಗೆ ಒಂದೂವರೆ ಅಡಿ ಕೊರೆದು ಚೀಲ ಒಳಗೆ ಸೇರುವಂತೆ ಮಾಡಿ. ಈ ಎರಡು ಕೆಲಸ ಫೋಟೊದಲ್ಲಿ ಕಾಣುವುದಿಲ್ಲ, ಅದಕ್ಕೇ ಜನ ಬಿಟ್ಟುಬಿಡುತ್ತಾರೆ. ಕಟ್ಟ ಸೋರುವುದು ಇಲ್ಲಿಂದಲೇ.

ಇನ್ನು ಚೀಲ ಇಡುವುದು. ರಾಶಿಯಿಂದ ತೋಡಿನವರೆಗೆ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ. ಇಟ್ಟಿಗೆ ಗೋಡೆಯ ಹಾಗೆ ಕೆಳಗಿನ ಎರಡು ಚೀಲದ ಸಂದಿನ ಮೇಲೆ ಮೇಲಿನ ಚೀಲದ ನಡು ಬರಬೇಕು. ಹೊಲಿದ ಬಾಯಿ ಎರಡು ಗೋಡೆಯ ನಡುವಿನ ಕಡೆಗಿರಲಿ. ಎರಡು ಸಾಲು ಏರಿದಾಗಲೇ ನಡುವೆ ಅಂಟು ಮಣ್ಣು ಹಾಕಿ ತುಳಿಯಿರಿ. ಆಮೇಲೆ ಮತ್ತೆ ಎರಡು ಸಾಲು, ಮತ್ತೆ ಮಣ್ಣು, ಮತ್ತೆ ತುಳಿತ. ಎಲ್ಲ ಮುಗಿದ ಮೇಲೆ ಒಮ್ಮೆಗೇ ಮಣ್ಣು ಸುರಿದರೆ ಒಳಗೆ ಟೊಳ್ಳು ಉಳಿಯುತ್ತದೆ. ತುಳಿಯುವ ಕೆಲಸಕ್ಕೆ ಮಕ್ಕಳನ್ನು ಬಿಡಿ, ಸಾಕು ಎಂದರೂ ನಿಲ್ಲಿಸುವುದಿಲ್ಲ!

ಕೊನೆಯ ಸಾಲಿನಲ್ಲಿ ನಡುವಿನ ನಾಲ್ಕೈದು ಚೀಲ ಇಡದೆ ಬಿಡಿ. ಹೆಚ್ಚಾದ ನೀರು ಅಲ್ಲಿಂದಲೇ ಹೋಗಬೇಕು. ಅಂಚಿನಿಂದ ಹೋಗಲು ಬಿಟ್ಟರೆ ದಂಡೆಯನ್ನೇ ಕೊರೆಯುತ್ತದೆ. ನೀರು ಬೀಳುವ ಜಾಗದಲ್ಲಿ ದೊಡ್ಡ ಕಲ್ಲು ಹಾಸಿ. ಕಟ್ಟದ ಮೇಲ್ಭಾಗಕ್ಕೆ, ಅಂದರೆ ನೀರು ನಿಲ್ಲುವ ಕಡೆಗೆ, ಸಿಲ್ಪಾಲಿನ್ ಎಂಬ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ ಅದರ ಕೆಳ ಅಂಚನ್ನು ಒಂದಡಿ ಆಳದ ಕಾಲುವೆಯಲ್ಲಿ ಹೂತು ಮಣ್ಣು ಮುಚ್ಚಿ. ನೀರು ಏರಿದಷ್ಟೂ ಹಾಳೆ ಚೀಲಕ್ಕೆ ಒತ್ತಿ ಕೂರುತ್ತದೆ.

ಊಟಕ್ಕೆ ಗಂಜಿ, ಹುರುಳಿ ಚಟ್ನಿ, ಉಪ್ಪಿನಕಾಯಿ, ಮಜ್ಜಿಗೆ ಧಾರಾಳ. ಮೈಮುರಿದು ದುಡಿದ 40 ಜನಕ್ಕೆ 6 ಕಿಲೋ ಕುಚ್ಚಲಕ್ಕಿ ಹಾಕಿ. ಬೆಳಗ್ಗೆ 10ಕ್ಕೆ ಅವಲಕ್ಕಿ, ಚಹಾ. ಅಡುಗೆಯನ್ನು ಹೆಂಗಸರ ತಲೆಗೇ ಕಟ್ಟಬೇಡಿ. ಚೀಲ ಹೊಲಿಯುವುದರಲ್ಲಿ ಅವರಷ್ಟು ಚುರುಕು ಗಂಡಸರಿಲ್ಲ, ಬೇಕಾದರೆ ನೋಡಿ. ಸಭಾ ಕಾರ್ಯಕ್ರಮ ಬೇಡವೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಬೇಕೇ ಬೇಕೆಂದರೆ ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಿ. ಬೆಳಗ್ಗೆ ಭಾಷಣ ಶುರುವಾದರೆ ಬಿಸಿಲೇರುವವರೆಗೆ ಹಾರೆ ಏಳುವುದಿಲ್ಲ.

ಆಮೇಲಿನ ಐದು ತಿಂಗಳು

6 ಮೀಟರ್ ಅಗಲದ ತೋಡಿನಲ್ಲಿ ಹಿನ್ನೀರು 200 ಮೀಟರ್ ಹಿಂದಕ್ಕೆ ನಿಂತರೆ, ಸರಾಸರಿ ಆಳ ಅರ್ಧ ಮೀಟರ್ ಹಿಡಿದರೂ 6 ಲಕ್ಷ ಲೀಟರ್ ಆಯಿತು. ಕಣ್ಣಿಗೆ ಕಾಣುವ ಲೆಕ್ಕ ಅಷ್ಟೇ. ತೋಡು ಹರಿಯುವಷ್ಟು ದಿನವೂ ನೀರು ನೆಲಕ್ಕೆ ಇಂಗುತ್ತಲೇ ಇರುತ್ತದೆ. ಅಕ್ಕಪಕ್ಕದ ಎರಡು ಬಾವಿ ಆರಿಸಿಕೊಂಡು, ಕಟ್ಟುವ ಮೊದಲೇ ಹಗ್ಗ ಬಿಟ್ಟು ನೀರಿನ ಮಟ್ಟ ಅಳೆದಿಡಿ. ಆಮೇಲೆ ವಾರಕ್ಕೊಮ್ಮೆ ಅಳೆದು ಬರೆಯಿರಿ, ಶಾಲೆಯ ಮಕ್ಕಳಿಗೆ ವಹಿಸಿದರೆ ತಪ್ಪಿಸುವುದಿಲ್ಲ. ಮುಂದಿನ ವರ್ಷ ಜನ ಕರೆಯುವಾಗ ಈ ಪುಸ್ತಕ ತೋರಿಸಬಹುದು.

ಕಟ್ಟದ ದೊಡ್ಡ ಶತ್ರು ಏಡಿ. ದಂಡೆಯಲ್ಲಿ ಬೆರಳು ತೂರುವಷ್ಟು ತೂತು ಕೊರೆಯುತ್ತದೆ. ಇವತ್ತು ಬೆರಳಿನಷ್ಟು, ವಾರ ಬಿಟ್ಟರೆ ಮೊಣಕೈ ಹೋಗುವಷ್ಟು. ಹಾಗಾಗಿ ಹತ್ತಿರದ ಮನೆಗಳು ಸರದಿ ಹಾಕಿಕೊಂಡು ದಿನಕ್ಕೊಮ್ಮೆ ಕಟ್ಟದ ಕೆಳಗಿನ ಬದಿಗೆ ಹೋಗಿ ನೋಡಬೇಕು. ಸೋರುವ ನೀರು ತಿಳಿಯಾಗಿದ್ದರೆ ಅಷ್ಟು ಚಿಂತೆಯಿಲ್ಲ. ಕೆಂಪಾಗಿ ಬಂದರೆ ಒಳಗಿನ ಮಣ್ಣು ತೊಳೆದುಹೋಗುತ್ತಿದೆ ಎಂದರ್ಥ, ಅಂದೇ ಮುಚ್ಚಬೇಕು. ಬೈಹುಲ್ಲಿಗೆ ಅಂಟು ಮಣ್ಣು ಕಲಸಿ ನೀರು ನಿಂತ ಕಡೆಯಿಂದ ತುರುಕಿ. ಕೆಳಗಿನಿಂದ ಎಷ್ಟು ಮುಚ್ಚಿದರೂ ದಕ್ಕುವುದಿಲ್ಲ.

ನಿಂತ ನೀರಿಗೆ ಪಂಪು ಇಡುವ ಮಾತು ಬಂದೇ ಬರುತ್ತದೆ. ಇಡಬಹುದೋ ಬೇಡವೋ, ಇಟ್ಟರೆ ಯಾರು, ವಾರಕ್ಕೆ ಎಷ್ಟು ಗಂಟೆ ಎಂದು ಚೀಲ ತುಂಬುವ ದಿನವೇ ಮಾತಾಡಿ ಬರೆದಿಡಿ. ಫೆಬ್ರವರಿಯ ಬಿಸಿಲಲ್ಲಿ ಈ ಮಾತು ತೆಗೆದರೆ ಯಾರ ತಲೆಯೂ ತಣ್ಣಗಿರುವುದಿಲ್ಲ.

ಬಿಚ್ಚುವುದು

ಪತ್ತನಾಜೆಯ (ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ) ಒಳಗೆ, ಅಂದರೆ ಮೇ 24-25ಕ್ಕೆ ಮೊದಲು, ಕಟ್ಟ ಬಿಚ್ಚಿಬಿಡಬೇಕು. ಬಿಟ್ಟರೆ ಮೊದಲ ಜೋರು ಮಳೆಗೆ ಪ್ಲಾಸ್ಟಿಕ್ ಚೀಲವೆಲ್ಲ ಹೊಳೆಗೆ, ಹೊಳೆಯಿಂದ ಕಡಲಿಗೆ. ಮೊದಲು ಪೈಪಿನ ಮುಚ್ಚಳ ತೆಗೆದು ಉಳಿದ ನೀರು ಇಳಿಸಿ. ಮೇಲಿನ ಸಾಲಿನಿಂದ ಚೀಲ ತೆಗೆಯುತ್ತಾ ಬನ್ನಿ, ದಂಡೆಗೆ ಎತ್ತಿ ಮಣ್ಣು ಸುರಿದು, ಖಾಲಿ ಚೀಲ ಎಣಿಸಿ. ಹಾಕಿದಷ್ಟೇ ಹೊರಗೆ ಬಂದಿರಬೇಕು. ಬಿಸಿಲಿಗೆ ಪುಡಿಯಾದವನ್ನು ಪಂಚಾಯಿತಿಯ ಒಣಕಸಕ್ಕೆ ಕೊಡಿ. ಈ ದಿನಕ್ಕೆ ಜನ ಕಡಿಮೆ, ಹತ್ತು ಮಂದಿ ಬಂದರೆ ದೊಡ್ಡದು. ಆದ್ದರಿಂದ ಗಂಜಿಯ ಬದಲು ಪಾಯಸದ ಊಟ ಇಟ್ಟರೆ ತಪ್ಪೇನಿಲ್ಲ.

ಸಿಲ್ಪಾಲಿನ್ ಹಾಳೆ ಎರಡು ಮೂರು ವರ್ಷ ಬರುತ್ತದೆ. ತೊಳೆದು, ನೆರಳಲ್ಲಿ ಒಣಗಿಸಿ, ಯಾರದಾದರೂ ಅಟ್ಟದಲ್ಲಿ ತೂಗುಹಾಕಿ. ನೆಲದಲ್ಲಿಟ್ಟರೆ ಇಲಿಯ ಪಾಲು. ಯಾರ ಅಟ್ಟದಲ್ಲಿದೆ, ಉಳಿದ ದುಡ್ಡು ಎಷ್ಟು, ದಬ್ಬಣ ಯಾರ ಹತ್ತಿರ ಎಂಬುದನ್ನೆಲ್ಲ ಬಾವಿಯ ಅಳತೆ ಬರೆದ ಅದೇ ಪುಸ್ತಕದಲ್ಲಿ ಬರೆದಿಡಿ.