ಇಬ್ಬರು ಕೂತು ಹಾಕುವ ಮಿಡಿ ಉಪ್ಪಿನಕಾಯಿ

ಮಾರ್ಚ್ ಎರಡನೇ ವಾರ ಬಂತೆಂದರೆ ನಾನೂ ನಮ್ಮವರೂ ರಾತ್ರಿ ತಾಳಗುಪ್ಪದ ರೈಲು ಹತ್ತುತ್ತೇವೆ. ಬೆಂಗಳೂರಲ್ಲಿ ಹತ್ತಿ ಮಲಗಿದರೆ ಬೆಳಗಾಗುವಾಗ ಸಾಗರ. ಅಲ್ಲೊಂದು ಕಾಫಿ ಕುಡಿದು ರಿಪ್ಪನ್‌ಪೇಟೆಯ ಬಸ್ಸು. ಎರಡು ದಿನ ನೆಂಟರ ಮನೆ, ಹೊಳೆದಂಡೆಯ ತಿರುಗಾಟ. ವಾಪಸ್ ಬರುವಾಗ ಬುಟ್ಟಿ ತುಂಬ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿನಕಾಯಿ. ಆಮೇಲೆ ಮೂರು ವಾರ ಮನೆಯಲ್ಲಿ ಅದರದ್ದೇ ಕೆಲಸ. ಮಕ್ಕಳು ರಜೆಗೆ ಬರುವುದು ಮೇ ಕೊನೆಗೆ. ಅಲ್ಲಿಯವರೆಗಿನ ಬೇಸಿಗೆ ನಮ್ಮಿಬ್ಬರದು.

ಕಳೆದ ಎರಡು ವರ್ಷದಲ್ಲಿ ನಮ್ಮ ಬೀದಿಯ ನಾಲ್ಕು ಮನೆಯವರು ನಮ್ಮನ್ನು ನೋಡಿ ಮಿಡಿ ಹಾಕಿದರು. ಮೂರು ಮನೆಯ ಉಪ್ಪಿನಕಾಯಿ ಮಳೆಗಾಲ ಕಾಣಲಿಲ್ಲ. ಎಲ್ಲರೂ ಮಸಾಲೆ ಬಗ್ಗೆ ನನ್ನನ್ನು ಕೇಳಿದ್ದರು. ಉಪ್ಪಿನ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮಿಡಿ ಆರಿಸುವುದು

ಅಪ್ಪೆ ಮರಗಳು ಮಲೆನಾಡಿನ ಹೊಳೆದಂಡೆಗಳಲ್ಲಿ ತಾವಾಗಿಯೇ ಬೆಳೆದವು. ಶರಾವತಿ, ವರದಾ, ಅಘನಾಶಿನಿ ದಂಡೆಗಳಲ್ಲಿ ಒಂದೊಂದು ಮರದ ಮಿಡಿಗೂ ಒಂದೊಂದು ವಾಸನೆ. ಜೀರಿಗೆ ಮಿಡಿ ಮುರಿದರೆ ನಿಜವಾಗಿಯೂ ಜೀರಿಗೆಯ ಪರಿಮಳ ಬರುತ್ತದೆ. ಅನಂತಭಟ್ಟನ ಅಪ್ಪೆ, ಮಾಳಂಜಿ, ಕರ್ಣಕುಂಡಲ ಹೀಗೆ ಹೆಸರುಗಳೂ ಬೇಕಾದಷ್ಟು. ಮೊದಲ ಸಲ ಹಾಕುವವರು ಜೀರಿಗೆ ಮಿಡಿಯನ್ನೇ ತನ್ನಿ.

ಮಿಡಿ ಎಳೆಯದಾಗಿರಬೇಕು. ಒಂದನ್ನು ಅಡ್ಡ ಕೊಯ್ದು ನೋಡಿ. ಒಳಗಿನ ವಾಟೆ ಚಾಕುವಿಗೆ ಸಿಗದೆ ಮೆತ್ತಗೆ ಕತ್ತರಿಸಿದರೆ ಸರಿ. ಕಟ್ ಅಂತ ತಡೆದರೆ ಮಿಡಿ ಬಲಿತಿದೆ, ಬೇಡ.

ತೊಟ್ಟು ಇರಲೇಬೇಕು. ಒಂದು ಮಿಡಿಯ ತೊಟ್ಟು ಮುರಿದು ನೋಡಿ, ಸೊನೆ ಚಿಮ್ಮುತ್ತದೆ. ಮೊದಲು ತಿಳಿ ನೀರಿನ ಹಾಗೆ ಒಂದು ಹನಿ, ಆಮೇಲೆ ಹಾಲಿನ ಬಣ್ಣ. ಆ ಹನಿಯಲ್ಲೇ ಮಿಡಿಯ ಪರಿಮಳ ಇರುವುದು. ತೊಟ್ಟಿಲ್ಲದ ಮಿಡಿಯಲ್ಲಿ ಅದೆಲ್ಲ ಸೋರಿಹೋಗಿ, ಆ ಬಾಯಿಯಿಂದಲೇ ಕೊಳೆ ಶುರುವಾಗುತ್ತದೆ. ಮುಖದ ಹತ್ತಿರ ಮಾತ್ರ ಮುರಿಯಬೇಡಿ, ಸೊನೆ ಚರ್ಮ ಸುಡುತ್ತದೆ. ನಮ್ಮವರ ಮಣಿಕಟ್ಟಿನ ಮೇಲೆ ಹೋದ ವರ್ಷದ ಕಪ್ಪು ಕಲೆ ಇನ್ನೂ ಇದೆ.

ಮರ ಹತ್ತಿ ಕೈಯಲ್ಲಿ ಕೊಯ್ದ ಮಿಡಿ ಒಳ್ಳೆಯದು. ಕೊಂಬೆ ಅಲ್ಲಾಡಿಸಿ ಬೀಳಿಸಿದ್ದಕ್ಕೆ ಪೆಟ್ಟು ಬಿದ್ದಿರುತ್ತದೆ. ಮೇಲೆ ಕಾಣುವುದಿಲ್ಲ, ವಾರ ಕಳೆದ ಮೇಲೆ ಮೆತ್ತಗಾಗುತ್ತದೆ. ಕೆಲವರು ಕೊಯ್ಯುವ ಕಷ್ಟ ಯಾಕೆಂದು ಕೊಂಬೆಯನ್ನೇ ಕಡಿದು ಕೆಳಗೆ ಹಾಕುತ್ತಾರೆ. ಅಂಥವರ ಹತ್ತಿರ ದಯವಿಟ್ಟು ಕೊಳ್ಳಬೇಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ದಂಡೆಯ ಎಷ್ಟೋ ಮರ ನೀರಿನಡಿ ಹೋದವು. ಉಳಿದದ್ದನ್ನು ನಾವು ಕಡಿದು ಕಳೆಯಬಾರದು ಅಲ್ವಾ? ಎಲ್ಲಿ ಕೊಯ್ದಿರಿ, ಹೇಗೆ ಕೊಯ್ದಿರಿ ಎಂದು ಕೇಳಿ. ಹತ್ತಿ ಕೊಯ್ದವರು ಖುಷಿಯಿಂದ ಹೇಳುತ್ತಾರೆ.

ತರುವಾಗ ಬಿದಿರಿನ ಬುಟ್ಟಿ ಅಥವಾ ಗಾಳಿಯಾಡುವ ಗೋಣಿಚೀಲ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ನಾವು ಮೊದಲ ವರ್ಷ ಎರಡು ಕವರಿನಲ್ಲಿ ಗಂಟು ಕಟ್ಟಿ ಬಸ್ಸಿನಲ್ಲಿ ತಂದೆವು. ಮನೆಗೆ ಬಂದು ಬಿಚ್ಚಿದಾಗ ಮಿಡಿಯೆಲ್ಲ ಬೆವರಿತ್ತು. ಅರ್ಧ ಎಸೆಯಬೇಕಾಯಿತು.

ತೊಳೆದು ಆರಿಸುವುದು

ಮಿಡಿ ತಂದ ದಿನವೇ ಈ ಕೆಲಸ ಆಗಬೇಕು, ಮರುದಿನಕ್ಕೆ ಇಡಬೇಡಿ. ಒಬ್ಬರು ತೊಳೆಯಿರಿ, ಇನ್ನೊಬ್ಬರು ಒರೆಸಿ. ತೊಟ್ಟನ್ನು ಕಾಲು ಇಂಚು ಬಿಟ್ಟು ಕತ್ತರಿಯಿಂದ ಕತ್ತರಿಸಿ. ಹಳೆಯ ಪಂಚೆಯ ಮೇಲೆ ನೆರಳಲ್ಲಿ ಹರಡಿ. ಬಿಸಿಲು ಬೇಡ, ಬಾಡುತ್ತದೆ. ಫ್ಯಾನ್ ಗಾಳಿ ಸಾಕು. ಪೆಟ್ಟು ಬಿದ್ದದ್ದು, ತೊಟ್ಟು ಕಳಚಿದ್ದು ಎಲ್ಲ ಬೇರೆ ಇಡಿ, ಅವತ್ತೇ ಅಪ್ಪೆಹುಳಿ ಮಾಡಿ. ಬೇಯಿಸಿ, ಕಿವುಚಿ, ನೀರು, ಉಪ್ಪು, ಹಸಿಮೆಣಸು, ಇಂಗಿನ ಒಗ್ಗರಣೆ. ಬಿಸಿಲಲ್ಲಿ ದುಡಿದ ದಿನ ಅದಕ್ಕಿಂತ ರುಚಿ ಇನ್ನೊಂದಿಲ್ಲ.

ಉಪ್ಪು

ಕೆಡುವುದೆಲ್ಲ ಇಲ್ಲೇ. ನಿಧಾನವಾಗಿ ಓದಿ.

ಒಂದು ಕೆಜಿ ಮಿಡಿಗೆ ಕಾಲು ಕೆಜಿ ಹರಳುಪ್ಪು. ಇದರಲ್ಲಿ ಒಂದು ಚಮಚವೂ ಕಡಿಮೆ ಮಾಡಬೇಡಿ. ನಮ್ಮ ಪಕ್ಕದ ಮನೆಯವರು ಬಿಪಿ ಇದೆ ಅಂತ ಉಪ್ಪು ಅರ್ಧ ಮಾಡಿದರು. ಹತ್ತೇ ದಿನಕ್ಕೆ ಮೇಲೆ ಬಿಳಿ ಪೊರೆ ಕಟ್ಟಿತು. ಬಿಪಿ ಇದ್ದರೆ ಊಟದಲ್ಲಿ ಅರ್ಧ ಮಿಡಿ ತಿನ್ನಿ, ಭರಣಿಯಲ್ಲಿ ಉಪ್ಪು ಕಡಿಮೆ ಮಾಡಬೇಡಿ. ಮಿಡಿಯೊಳಗಿನ ನೀರನ್ನು ಹೊರಗೆ ಎಳೆಯುವುದೂ ಉಪ್ಪೇ, ಕೊಳೆಸುವ ಸೂಕ್ಷ್ಮಜೀವಿಗಳನ್ನು ತಡೆಯುವುದೂ ಉಪ್ಪೇ. ಈ ಉಪ್ಪಿನಕಾಯಿಗೆ ಎಣ್ಣೆ ಇಲ್ಲ, ವಿನೆಗರ್ ಇಲ್ಲ. ಅದನ್ನು ಕಾಯುವುದು ಉಪ್ಪು ಮಾತ್ರ.

ಪ್ಯಾಕೆಟ್ಟಿನ ಪುಡಿ ಉಪ್ಪು ತರಬೇಡಿ. ಉಂಡೆ ಕಟ್ಟದಿರಲಿ ಅಂತ ಅದಕ್ಕೆ ಸೇರಿಸುವ ಪದಾರ್ಥದಿಂದ ರಸ ಮಬ್ಬಾಗುತ್ತದೆ. ಹರಳುಪ್ಪನ್ನೇ ತಂದು, ಕಸ ಆರಿಸಿ, ಒಂದು ದಿನ ಒಳ್ಳೆ ಬಿಸಿಲಲ್ಲಿ ಒಣಗಿಸಿ. ತಂದ ಉಪ್ಪು ಮುಟ್ಟಿದರೆ ಒದ್ದೆ ಒದ್ದೆ ಇರುತ್ತದೆ. ಒಣಗಿದ ಮೇಲೆ ಕೈಯಿಂದ ಜರ್ರನೆ ಜಾರಬೇಕು.

ಪಿಂಗಾಣಿ ಭರಣಿ ತೊಳೆದು ಅದನ್ನೂ ಬಿಸಿಲಿಗಿಡಿ. ತಳಕ್ಕೆ ಒಂದು ಹಿಡಿ ಉಪ್ಪು, ಮೇಲೆ ಒಂದು ಪದರ ಮಿಡಿ, ಮತ್ತೆ ಉಪ್ಪು. ಹೀಗೇ ತುಂಬುತ್ತಾ ಬನ್ನಿ. ಕೊನೆಯ ಪದರ ಉಪ್ಪಿನದೇ ಆಗಬೇಕು, ಅದೂ ಸ್ವಲ್ಪ ಜಾಸ್ತಿ. ಬಾಯಿಗೆ ತೆಳು ಬಟ್ಟೆ ಕಟ್ಟಿ, ಮೇಲೆ ಮುಚ್ಚಳ.

ಇನ್ನು ದಿನಕ್ಕೆರಡು ಸಲ, ಬೆಳಗ್ಗೆ ಮತ್ತು ಸಂಜೆ, ಭರಣಿಯನ್ನು ಅಲ್ಲಾಡಿಸಬೇಕು. ಎರಡು ಕೈಯಲ್ಲಿ ತಬ್ಬಿ ಹಿಡಿದು ಓರೆ ಮಾಡಿ ಸುತ್ತಿಸಿ. ದೊಡ್ಡ ಭರಣಿಗೆ ಇಬ್ಬರು ಬೇಕೇ ಬೇಕು. ಸೌಟು ಹಾಕಿ ಕಲಕುವುದು ನನಗೆ ಇಷ್ಟವಿಲ್ಲ. ಮಿಡಿಗೆ ಗೀರು ಬೀಳುತ್ತದೆ, ಒಂದು ದಿನವಾದರೂ ಯಾರಾದರೂ ಒದ್ದೆ ಸೌಟು ಹಾಕಿಯೇ ಹಾಕುತ್ತಾರೆ. ಅಲ್ಲಾಡಿಸುವಾಗ ಸದ್ದು ಕೇಳಿ. ಮೊದಲ ದಿನ ಗಡಗಡ ಅಂತ ಗೋಲಿ ಉರುಳಿದ ಹಾಗೆ. ಮೂರನೇ ದಿನಕ್ಕೆ ತಳದಲ್ಲಿ ನೀರು ಬಿಟ್ಟು ಗುಳುಗುಳು. ಹತ್ತನೇ ದಿನಕ್ಕೆ ಮಿಡಿಯ ಸದ್ದೇ ಇಲ್ಲ, ಬರೀ ನೀರಿನ ಸದ್ದು. ಮಿಡಿ ಮೆತ್ತಗಾಗಿ ಉಪ್ಪು ಕುಡಿದಿದೆ ಎಂದು ಆಗ ಗೊತ್ತಾಗುತ್ತದೆ.

ಹನ್ನೆರಡರಿಂದ ಹದಿನೈದು ದಿನಕ್ಕೆ ಮಿಡಿ ಸುಕ್ಕಾಗಿ ಚಿರುಟುತ್ತದೆ. ಹಸಿರು ಹೋಗಿ ಪಾಚಿಯ ಬಣ್ಣ ಬರುತ್ತದೆ. ಒಂದನ್ನು ಕಚ್ಚಿ ನೋಡಿ. ಹೊರಗೆ ಸುಕ್ಕಿದ್ದರೂ ಹಲ್ಲಿಗೆ ಕರುಮ್ ಅನ್ನಬೇಕು, ಒಳಗಿನವರೆಗೂ ಉಪ್ಪು ಹೋಗಿರಬೇಕು. ನಡುವೆ ಇನ್ನೂ ಸಪ್ಪೆ ಇದ್ದರೆ ಮೂರು ದಿನ ಬಿಡಿ. ಆತುರ ಬೇಡ. ಮಕ್ಕಳು ಬರುತ್ತಾರೆ ಅಂತ ಎಂಟನೇ ದಿನಕ್ಕೇ ಮಸಾಲೆ ಹಾಕಿದವರನ್ನು ನೋಡಿದ್ದೇನೆ. ಆಮೇಲೂ ಮಿಡಿ ನೀರು ಬಿಡುತ್ತಲೇ ಇತ್ತು, ಮಸಾಲೆ ತೆಳ್ಳಗಾಗಿ ಹುಳಿತುಹೋಯಿತು.

ಈಗ ಮಿಡಿಗಳನ್ನು ತೆಗೆದು ಬಟ್ಟೆಯ ಮೇಲೆ ನೆರಳಲ್ಲಿ ಹರಡಿ. ಭರಣಿಯ ಉಪ್ಪುನೀರನ್ನು ಸೋಸಿ ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಮೇಲೆ ಬರುವ ನೊರೆ ತೆಗೆಯಿರಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೂ ಉಪ್ಪಿಗೂ ಅದು ಆಗುವುದಿಲ್ಲ. ಕುದಿಸಿದ್ದನ್ನು ರಾತ್ರಿಯಿಡೀ ಆರಲು ಬಿಡಿ. ಮುಟ್ಟಿದರೆ ತಣ್ಣಗಿರಬೇಕು. ಮುಚ್ಚಳದ ಬದಲು ಬಟ್ಟೆ ಮುಚ್ಚಿ. ಮುಚ್ಚಳ ಹಾಕಿದರೆ ಹಬೆ ಕಟ್ಟಿ ಹನಿಯೆಲ್ಲ ಮತ್ತೆ ಒಳಗೇ ಬೀಳುತ್ತದೆ.

ರುಬ್ಬುವುದು

ಒಂದು ಕೆಜಿಗೆ ನೂರು ಗ್ರಾಂ ಬ್ಯಾಡಗಿ ಮೆಣಸಿನಕಾಯಿ, ಎಪ್ಪತ್ತೈದು ಗ್ರಾಂ ಸಾಸಿವೆ, ಎರಡು ಚಮಚ ಅರಿಶಿನ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಖಾರ ಬೇಕೆಂದರೆ ನಾಲ್ಕೈದು ಗುಂಟೂರು ಮೆಣಸು ಸೇರಿಸಿ. ಮೆಣಸು ಬಿಸಿಲಲ್ಲಿ ಗರಿಗರಿಯಾಗಿ ಒಣಗಿರಲಿ, ತೊಟ್ಟು ತೆಗೆದು ಮೊದಲು ಪುಡಿ ಮಾಡಿ.

ಸಾಸಿವೆ ಹುರಿಯಬೇಡಿ. ಸಾಸಿವೆಯ ಘಾಟು ಹುಟ್ಟುವುದು ಕಾಳು ಒಡೆದು ನೀರು ಸೇರಿದಾಗ. ಬಿಸಿ ತಾಗಿದರೆ ಆ ಘಾಟು ಏಳುವುದೇ ಇಲ್ಲ. ಅದಕ್ಕೇ ಉಪ್ಪುನೀರು ತಣ್ಣಗಿರಬೇಕು ಅಂದದ್ದು. ಮಿಕ್ಸಿಯನ್ನೂ ಒಂದೇ ಸಮನೆ ಓಡಿಸಬೇಡಿ, ಜಾರು ಕಾಯುತ್ತದೆ. ಸ್ವಲ್ಪ ಸ್ವಲ್ಪ ಉಪ್ಪುನೀರು ಹಾಕುತ್ತಾ ನಿಲ್ಲಿಸಿ ನಿಲ್ಲಿಸಿ ರುಬ್ಬಿ. ನಲ್ಲಿ ನೀರು ಒಂದು ಹನಿಯೂ ಬೇಡ, ಜಾರು ತೊಳೆದ ನೀರಂತೂ ಬೇಡವೇ ಬೇಡ. ಕಣ್ಣು, ಮೂಗು ಉರಿದು ನೀರು ಬಂದರೆ ಸಾಸಿವೆ ಸರಿಯಾಗಿ ರುಬ್ಬಿದೆ ಅಂತ ಅರ್ಥ.

ಅಂಗಡಿಯ ರೆಡಿ ಉಪ್ಪಿನಕಾಯಿ ಮಸಾಲೆ ಒಮ್ಮೆ ಹಾಕಿ ನೋಡಿದ್ದೆವು. ಸಾಸಿವೆಯ ಘಾಟು ಇಲ್ಲ, ಮೆಂತ್ಯದ ಕಹಿ ಮಾತ್ರ ಇತ್ತು. ಜೀರಿಗೆ ಮಿಡಿಯ ಪರಿಮಳ ಪೂರ್ತಿ ಮುಚ್ಚಿಹೋಯಿತು. ಒಳ್ಳೆಯ ಮಿಡಿಗೆ ಇಂಗು, ಮೆಂತ್ಯ ಯಾವುದೂ ಬೇಡ.

ತುಂಬುವುದು

ಮಿಡಿಗೆ ಮಸಾಲೆ ಬೆರೆಸಿ, ಒಣಗಿದ ಭರಣಿಗೆ ಹಾಕಿ. ಮಿಡಿ ರಸದಲ್ಲಿ ಮುಳುಗಿರಬೇಕು. ಸಾಲದಿದ್ದರೆ ಉಳಿದ ಉಪ್ಪುನೀರು ಹಾಕಿ. ಮೇಲೊಂದು ಹಿಡಿ ಒಣ ಉಪ್ಪು ಉದುರಿಸಿ, ಬಟ್ಟೆ ಕಟ್ಟಿ, ಮುಚ್ಚಳ ಹಾಕಿ ಕತ್ತಲ ಮೂಲೆಯಲ್ಲಿಡಿ. ಒಂದು ತಿಂಗಳು ಮುಟ್ಟಬೇಡಿ. ನಾವು ತೆರೆಯುವುದು ಮಳೆ ಹಿಡಿದ ಮೇಲೆ.

ದಿನಬಳಕೆಗೆ ಒಂದು ಸಣ್ಣ ಬಾಟಲಿ ಇಟ್ಟುಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಒಣ ಸೌಟಿನಲ್ಲಿ ಅಷ್ಟನ್ನು ಮಾತ್ರ ತೆಗೆದು ಭರಣಿ ಮತ್ತೆ ಕಟ್ಟಿ. ನಮ್ಮನೆಯಲ್ಲಿ ಭರಣಿ ತೆರೆಯುವುದು ನಮ್ಮವರೊಬ್ಬರೇ. ಅಡುಗೆ ಮಾಡುವ ನನ್ನ ಕೈ ಯಾವಾಗಲೂ ಒದ್ದೆ. ಮಿಡಿ ಮುಗಿದು ತಳದಲ್ಲಿ ರಸ ಉಳಿದರೆ ಚೆಲ್ಲಬೇಡಿ. ಹುಳಿ ಮಾವಿನಕಾಯಿಯನ್ನು ಸಣ್ಣಗೆ ಹೆಚ್ಚಿ ಅದರಲ್ಲಿ ಕಲಸಿ, ಎರಡು ದಿನದಲ್ಲಿ ಮೊಸರನ್ನಕ್ಕೆ ತಯಾರು.