ನಾಲಿಗೆಯ ದಾರಿಯಿಂದ ಕಿವಿಮೊರೆತಕ್ಕೆ ಚಿಕಿತ್ಸೆ: ನನ್ನ ಅನುಭವ

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಈಗ ಡಬ್ಲಿನ್‌ನಲ್ಲಿ ಆಡಿಯಾಲಜಿಸ್ಟ್ ಆಗಿರುವ ನಾನು, ಇದೇ ಊರಿನ ನ್ಯೂರೋಮಾಡ್ ಕಂಪನಿಯ ಲೆನೀರ್ ಸಾಧನವನ್ನು ಹೊರಗೆ ಶಬ್ದವಿಲ್ಲದಿದ್ದರೂ ಕಿವಿಯಲ್ಲಿ ಸದ್ದು ಕೇಳಿಸುವ ಕಿವಿಮೊರೆತದ (ಟಿನಿಟಸ್) ರೋಗಿಗಳಿಗೆ ಕೊಡುವ ಮೊದಲು ಸ್ವತಃ ಹಾಕಿಕೊಂಡು ನೋಡಿದೆ. ಹೆಡ್‌ಫೋನಿನಲ್ಲಿ ಬೇರೆ ಬೇರೆ ಸ್ಥಾಯಿಯ ನಾದಗಳೂ ಅವುಗಳ ಹಿಂದೆ ಹರಿಯುವ ಗದ್ದಲವೂ ಕೇಳಿಸುತ್ತಿರುವಾಗ, ನಾಲಿಗೆಯ ತುದಿಯ ಮೇಲಿಟ್ಟ 32 ವಿದ್ಯುದ್ವಾರಗಳ ಪುಟ್ಟ ಫಲಕದಿಂದ ಸೋಡಾ ಕುಡಿದಂತಹ ಜುಮುಜುಮು ಏಳುತ್ತದೆ. ನೋವಿಲ್ಲ, ಆದರೆ ತುಟಿ ಮುಚ್ಚಿಕೊಂಡೇ ಇರಬೇಕಾದ್ದರಿಂದ ಬಾಯಲ್ಲಿ ಜೊಲ್ಲು ತುಂಬುತ್ತದೆ, ಮಾತಂತೂ ಸಾಧ್ಯವಿಲ್ಲ. ಈ ಸಣ್ಣ ಕಿರಿಕಿರಿಯನ್ನು ರೋಗಿಗೆ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ದಿನಕ್ಕೆ ಒಂದು ಗಂಟೆಯಂತೆ 12 ವಾರ ಇದನ್ನು ಸಹಿಸಬೇಕಾದವರು ಅವರು.

ನಾಲಿಗೆಯೇ ಏಕೆ ಎಂದು ಎಲ್ಲರೂ ಕೇಳುತ್ತಾರೆ. ನಾಲಿಗೆಯ ಮುಂಭಾಗದ ಸ್ಪರ್ಶವನ್ನು ಒಯ್ಯುವ ತ್ರಿಶಾಖಾ ನರದ ಸಂಕೇತಗಳು ಮೆದುಳಿನ ಕಾಂಡದಲ್ಲಿ ಶ್ರವಣಮಾರ್ಗದೊಡನೆ ಬೆರೆಯುತ್ತವೆ. ದವಡೆ ಬಿಗಿಹಿಡಿದಾಗ ಕೆಲವರ ಮೊರೆತ ಏರುವುದೂ ಈ ನಂಟಿನಿಂದಲೇ. ಶಬ್ದ ಮತ್ತು ಸ್ಪರ್ಶಗಳನ್ನು ಜೊತೆಯಾಗಿ ಕೊಟ್ಟರೆ, ಮೊರೆತಕ್ಕೆ ಅಂಟಿಕೊಂಡ ಮೆದುಳಿನ ಚಟುವಟಿಕೆ ಸಡಿಲಗೊಳ್ಳಬಹುದೆಂಬುದು ಇದರ ಹಿಂದಿನ ತರ್ಕ.

ನನ್ನ ಹೆಚ್ಚಿನ ಸಮಯ ಹೋಗುವುದು ಯಾರಿಗೆ ಬೇಡ ಎಂದು ತೀರ್ಮಾನಿಸುವುದರಲ್ಲಿ. ಪೇಸ್‌ಮೇಕರ್ ಇರುವವರಿಗೆ, ಗರ್ಭಿಣಿಯರಿಗೆ, ಮೂರ್ಛೆರೋಗವಿರುವವರಿಗೆ ಕೊಡುವುದಿಲ್ಲ. ಬಾಯಿಹುಣ್ಣಿದ್ದರೆ ಮಾಯುವವರೆಗೆ ಕಾಯಿಸುತ್ತೇನೆ. ಒಂದೇ ಕಿವಿಯಲ್ಲಿ ಮೊರೆತವಿದ್ದರೆ ಅಥವಾ ಅದು ನಾಡಿಯ ಲಯದಲ್ಲಿ ಬಡಿಯುತ್ತಿದ್ದರೆ ಮೊದಲು ಇಎನ್‌ಟಿ ವೈದ್ಯರ ಬಳಿಗೆ ಕಳಿಸುತ್ತೇನೆ. ಆಮೇಲೆ 25 ಪ್ರಶ್ನೆಗಳ, ನೂರು ಅಂಕಗಳ ಟಿಎಚ್‌ಐ (ಟಿನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ) ಪ್ರಶ್ನಾವಳಿ. ಅದು ಅಳೆಯುವುದು ಮೊರೆತದ ಜೋರನ್ನಲ್ಲ, ಅದು ಬದುಕಿಗೆ ಕೊಡುವ ಕಾಟವನ್ನು. ಅಂಕ ತೀರ ಕಡಿಮೆಯಿದ್ದವರಿಗೆ ಇಷ್ಟು ದುಬಾರಿ ಸಾಧನವನ್ನು ಮಾರಲು ನನಗೆ ಮನಸ್ಸಾಗುವುದಿಲ್ಲ.

ಪುರಾವೆಯ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಹೇಳಬೇಕಾಗುತ್ತದೆ. 2020ರಲ್ಲಿ ಪ್ರಕಟವಾದ, 326 ಜನರ ಮೇಲೆ ನಡೆದ ಅಧ್ಯಯನದಲ್ಲಿ ಬಹುಪಾಲು ಜನರ ಅಂಕ ಇಳಿದು, ಆ ಇಳಿಕೆ ಒಂದು ವರ್ಷ ಉಳಿದಿತ್ತಾದರೂ, ನಿಷ್ಕ್ರಿಯ ಸಾಧನ ಪಡೆದ ಹೋಲಿಕೆಯ ಗುಂಪು ಅದರಲ್ಲಿರಲಿಲ್ಲ. ಅನಂತರ 112 ಜನರಿಗೆ ಮೊದಲ ಆರು ವಾರ ಶಬ್ದವನ್ನಷ್ಟೇ, ಮುಂದಿನ ಆರು ವಾರ ಶಬ್ದ, ನಾಲಿಗೆಯ ಪ್ರಚೋದನೆ ಎರಡನ್ನೂ ಕೊಟ್ಟು ನೋಡಿದಾಗ, ಮಧ್ಯಮ ಅಥವಾ ಹೆಚ್ಚು ಕಾಟವಿದ್ದವರಲ್ಲಿ ಜೋಡಿ ಚಿಕಿತ್ಸೆಯೇ ಮೇಲಾಯಿತು. ಔಷಧ ಮತ್ತು ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಅಮೆರಿಕದ ಎಫ್‌ಡಿಎ 2023ರಲ್ಲಿ ಒಪ್ಪಿಗೆ ಕೊಟ್ಟದ್ದು ಇದರ ಆಧಾರದ ಮೇಲೆ. ಹೀಗಾಗಿ ಅಂಕ ಹೆಚ್ಚಿರುವವರಿಗೆ ಧೈರ್ಯವಾಗಿ ಸೂಚಿಸುತ್ತೇನೆ, ಉಳಿದವರೊಂದಿಗೆ ಸಾವಧಾನದಿಂದ ಮಾತಾಡುತ್ತೇನೆ.

ಆರನೆಯ ವಾರ ಮರಳಿ ಬಂದವರಿಗೆ ಶಬ್ದದ ಕಾರ್ಯಕ್ರಮವನ್ನು ಬದಲಿಸಿಕೊಡುತ್ತೇನೆ. ಆಗ ಮೊರೆತ ಕಡಿಮೆಯಾಯಿತೇ ಎಂದು ನಾನಾಗಿ ಕೇಳುವುದಿಲ್ಲ, ಕೇಳಿದರೆ ಅವರು ಅದನ್ನೇ ಕಿವಿಗೊಟ್ಟು ಹುಡುಕತೊಡಗುತ್ತಾರೆ. ನಿದ್ದೆ ಹೇಗಿದೆ, ಓದಲು ಮನಸ್ಸು ನಿಲ್ಲುತ್ತದೆಯೇ ಎಂದು ವಿಚಾರಿಸುತ್ತೇನೆ. ಹನ್ನೆರಡು ವಾರ ನಿಯಮವಾಗಿ ಬಳಸಿಯೂ ಅಂಕದಲ್ಲಿ ಕನಿಷ್ಠ ಏಳರಷ್ಟು ಇಳಿಕೆ ಕಾಣದಿದ್ದರೆ ಅಲ್ಲಿಗೆ ನಿಲ್ಲಿಸಿ, ಶ್ರವಣದೋಷವಿದ್ದವರಿಗೆ ಹಿಯರಿಂಗ್ ಏಡ್ ಹೊಂದಿಸಿಕೊಡುತ್ತೇನೆ, ಇಲ್ಲವೇ ಮೊರೆತದ ಬಗೆಗಿನ ಯೋಚನೆ, ಪ್ರತಿಕ್ರಿಯೆಗಳನ್ನು ಬದಲಿಸಲು ನೆರವಾಗುವ ಅರಿವಿನ ವರ್ತನಾ ಚಿಕಿತ್ಸೆಗೆ (ಸಿಬಿಟಿ) ಕಳಿಸುತ್ತೇನೆ.